ತೋಳು ಗಂಡಸರ ಥರ ಆಗಿಬಿಡಲ್ವಾ ಅಂತ ಕೇಳುವವರಿಗೆ

ಆಗುವುದಿಲ್ಲ. ಭಾರ ಎತ್ತಿದರೆ ಹೆಂಗಸಿನ ತೋಳು ಗಂಡಸಿನ ತೋಳಾಗುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಓದಲು ಕೊಡುತ್ತೇನೆ.

ಕಾರಣ ಮೊದಲು ಹೇಳಿ ಮುಗಿಸುತ್ತೇನೆ. ಸ್ನಾಯು ದಪ್ಪವಾಗಲು ಟೆಸ್ಟೋಸ್ಟೆರಾನ್ ದೊಡ್ಡ ಆಸರೆ. ವಯಸ್ಕ ಹೆಂಗಸಿನ ರಕ್ತದಲ್ಲಿ ಅದು ಗಂಡಸಿನಲ್ಲಿರುವುದರ ಹತ್ತನೇ ಒಂದು ಭಾಗದಷ್ಟೋ ಅದಕ್ಕೂ ಕಡಿಮೆಯೋ ಇರುತ್ತದೆ. ಡಂಬೆಲ್ ಎತ್ತಿದ ಮಾತ್ರಕ್ಕೆ ಆ ಲೆಕ್ಕ ಬದಲಾಗುವುದಿಲ್ಲ. ಶುರುವಿನ ಕೆಲವು ವಾರಗಳಲ್ಲಂತೂ ತೋಳಿನ ಸುತ್ತಳತೆ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ, ಬಲ ಮಾತ್ರ ಏರುತ್ತದೆ. ಮೊದಲು ಪಾಠ ಕಲಿಯುವುದು ನರಗಳು. ಇರುವ ಸ್ನಾಯುವಿನಲ್ಲೇ ಹೆಚ್ಚು ಎಳೆಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚುವುದನ್ನು ಅವು ರೂಢಿಸಿಕೊಳ್ಳುತ್ತವೆ. ಸ್ನಾಯು ಬೆಳೆಯುವುದು ಆಮೇಲೆ, ಅದೂ ನಿಧಾನವಾಗಿ. ನಿಮಗೆ ನಂಬಿಕೆ ಬರದಿದ್ದರೆ ವರ್ಷಗಟ್ಟಲೆ ತೋಳು ದಪ್ಪ ಮಾಡಲು ಒದ್ದಾಡುತ್ತಿರುವ ಯಾವ ಹುಡುಗನನ್ನಾದರೂ ಕೇಳಿ ನೋಡಿ. ಅಷ್ಟು ಸುಲಭಕ್ಕೆ ತೋಳು ಊದುವ ಹಾಗಿದ್ದರೆ ಅವನು ಯಾವತ್ತೋ ಹಬ್ಬ ಮಾಡುತ್ತಿದ್ದ. ಮಹಿಳಾ ಬಾಡಿಬಿಲ್ಡರುಗಳ ಮೈ ಅದಕ್ಕೆಂದೇ ಎತ್ತಿ, ಅದಕ್ಕೆಂದೇ ಅಳೆದು ತಿಂದು, ಬೇಕೆಂದೇ ಕಟ್ಟಿದ್ದು. ಅವರನ್ನು ಕಂಡರೆ ನನಗೆ ಗೌರವ. ಗೊತ್ತಿಲ್ಲದೆ ಹಾಗಾಗಿಬಿಟ್ಟವರು ಯಾರೂ ಇಲ್ಲ.

ಈ ಪ್ರಶ್ನೆ ನನಗೆ ನಿಜಕ್ಕೂ ಸಿಟ್ಟು ತರಿಸಿದ್ದು ಆಫೀಸಿನ ನೀರಿನ ಕ್ಯಾನಿನ ಮುಂದೆ. 20 ಲೀಟರಿನ ಕ್ಯಾನ್ ಖಾಲಿಯಾಗಿತ್ತು, ತುಂಬಿದ್ದು ಪಕ್ಕದಲ್ಲೇ ಇತ್ತು. ನಾಲ್ಕೈದು ಹೆಂಗಸರು ಬಾಟಲಿ ಹಿಡಿದು ನಿಂತಿದ್ದರು. "ಯಾರಾದ್ರೂ ಹುಡುಗರನ್ನ ಕರೀರಿ" ಅಂತ ಒಬ್ಬರು ಹೇಳುತ್ತಿದ್ದರು. ನಾನು ಸೀಲ್ ಕಿತ್ತೆ, ಮೊಣಕಾಲು ಮಡಚಿ ಕೂತೆ, ಒಂದು ಕೈಯನ್ನು ಕ್ಯಾನಿನ ಕತ್ತಿಗೂ ಇನ್ನೊಂದನ್ನು ತಳಕ್ಕೂ ಕೊಟ್ಟು ಎದೆಗೊತ್ತಿಕೊಂಡು ಎದ್ದು, ತಲೆಕೆಳಗು ಮಾಡಿ ಕೂರಿಸಿದೆ. ಗುಳುಗುಳು ಅಂತ ಗಾಳಿಗುಳ್ಳೆ ಎದ್ದಿತು. ಹಿಂದಿದ್ದ ಹಿರಿಯ ಸಹೋದ್ಯೋಗಿ ತಮ್ಮ ಬಾಟಲಿ ತುಂಬಿಸಿಕೊಳ್ಳುತ್ತಲೇ ಕೇಳಿದರು: "ಅಲ್ಲಮ್ಮಾ, ಹೀಗೆಲ್ಲ ಎತ್ತಿದ್ರೆ ತೋಳು ಗಂಡಸರ ಥರ ಆಗಿಬಿಡಲ್ವಾ?"

ಕ್ಯಾನ್ ಎಷ್ಟು ಭಾರ ಇತ್ತು, ಸೊಂಟ ಹಿಡಿಯದ ಹಾಗೆ ಅದನ್ನು ಎತ್ತುವುದು ಹೇಗೆ, ಕಲಿತರೆ ತನಗೂ ಬಂದೀತೇ, ಇದ್ಯಾವುದೂ ಅವರಿಗೆ ತೋಚಲಿಲ್ಲ. ತೋಚಿದ್ದು ನನ್ನ ತೋಳು ನೋಡುವವರ ಕಣ್ಣಿಗೆ ಹೇಗೆ ಕಂಡೀತು ಅನ್ನುವುದು. "ಮಗಳನ್ನ ಎತ್ಕೊಂಡು ಓಡಾಡಿದಿರಲ್ಲ ಮೇಡಂ, ಆಗ ನಿಮ್ಮ ತೋಳು ಹಾಗಾಯ್ತಾ?" ಅಂದೆ. ಅವರು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಎರಡು ವರ್ಷದ ಮಗು ಸುಮಾರು 11–12 ಕಿಲೋ ಇರುತ್ತದೆ. ಅದನ್ನು ಸೊಂಟದ ಮೇಲೆ ಕೂರಿಸಿಕೊಂಡು ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಮಹಡಿ ಹತ್ತುವ ತಾಯಿಯನ್ನು ಯಾರೂ ಇದನ್ನು ಕೇಳುವುದಿಲ್ಲ. ಕಟ್ಟಡದ ಕೆಲಸದಲ್ಲಿ ಮರಳು, ಇಟ್ಟಿಗೆ ಹೊರುವ ಹೆಂಗಸನ್ನು ಕೇಳುವುದಿಲ್ಲ. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ, ಎಬ್ಬಿಸಿ ಕೂರಿಸುವ ನರ್ಸನ್ನು ಕೇಳುವುದಿಲ್ಲ. ಇನ್ನೊಬ್ಬರಿಗಾಗಿ ಹೊತ್ತರೆ ಅದು ಕರ್ತವ್ಯ. ಅದೇ ಹೆಂಗಸು ತನಗಾಗಿ, ತನ್ನ ಇಷ್ಟಕ್ಕೆ ಭಾರ ಎತ್ತಿದಳೋ, ಎಲ್ಲರಿಗೂ ಅವಳ ಹೆಣ್ತನದ ಚಿಂತೆ ಹತ್ತಿಕೊಳ್ಳುತ್ತದೆ. ನನ್ನ ಕೋಪ ಇರುವುದು ಇಲ್ಲಿ, ಮತ್ತು ಅದು ಇಳಿಯುವ ಲಕ್ಷಣ ಇಲ್ಲ.

ಗಂಡಸರು ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾರೆ: "ಎಷ್ಟು ಮಾಡಿದ್ರೂ ನಮ್ಮಷ್ಟು ಬಲ ಬರಲ್ವಲ್ಲ?" ಸರಾಸರಿ ಹಿಡಿದರೆ ನಿಜ. ಕಾಲಿನ ಬಲದಲ್ಲಿರುವ ಅಂತರಕ್ಕಿಂತ ತೋಳು, ಭುಜ, ಎದೆಯ ಬಲದಲ್ಲಿರುವ ಅಂತರ ದೊಡ್ಡದು ಅನ್ನುವುದೂ ನಿಜ. ಆದರೆ ತರಬೇತಿ ಶುರು ಮಾಡಿದ ಮೇಲೆ ತಮ್ಮ ತಮ್ಮ ಮೊದಲಿನ ಬಲದ ಮೇಲೆ ಶೇಕಡಾ ಎಷ್ಟು ಏರುತ್ತಾರೆ ಅಂತ ನೋಡಿದರೆ ಹೆಂಗಸರು ಗಂಡಸರಿಗಿಂತ ಹಿಂದೆ ಬೀಳುವುದಿಲ್ಲ. ನಾನು ನಿಮ್ಮೊಂದಿಗೆ ಪಂದ್ಯಕ್ಕೆ ಬಂದಿಲ್ಲ. ಕಳೆದ ವರ್ಷದ ನನಗಿಂತ ಈ ವರ್ಷದ ನಾನು ಎಷ್ಟು ಗಟ್ಟಿ ಅನ್ನುವುದಷ್ಟೇ ನನಗೆ ಮುಖ್ಯ. ಬಲ ಕಡಿಮೆ ಇರುವ ಕಡೆಯೇ ಹೆಚ್ಚು ಕೆಲಸ ಮಾಡಬೇಕು ತಾನೇ? ಆದರೆ ಜಿಮ್ಮಿಗೆ ಕಾಲಿಟ್ಟ ಹೆಂಗಸನ್ನು ಸೀದಾ ಟ್ರೆಡ್‌ಮಿಲ್ಲಿಗೆ, ಹೊಟ್ಟೆ ಕರಗಿಸುವ ವ್ಯಾಯಾಮಕ್ಕೆ ಅಟ್ಟುತ್ತಾರೆ.

ಹೆಂಗಸರ ಅಪ್ಪರ್ ಬಾಡಿಯ, ಅಂದರೆ ತೋಳು, ಭುಜ, ಎದೆಯ ಬಲ ಒಂದು ಹಂತದ ಮೇಲೆ ಏರುವುದೇ ಇಲ್ಲ ಅನ್ನುವ ಟ್ರೈನರುಗಳಿಗೆ ಅವರ ಜಿಮ್ಮಿನ ಪ್ಲೇಟುಗಳ ಲೆಕ್ಕವನ್ನೇ ತೋರಿಸುತ್ತೇನೆ. ವೇಟ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಗಂಡಸರ ಬಾರ್, ಅಂದರೆ ಎರಡೂ ತುದಿಗೆ ಪ್ಲೇಟು (ತೂಕದ ಬಿಲ್ಲೆ) ಸಿಕ್ಕಿಸುವ ಸಲಾಕೆ, 20 ಕಿಲೋ, ಹಿಡಿಯುವ ಕಡೆ 28 ಮಿಲಿಮೀಟರ್ ದಪ್ಪ. ಹೆಂಗಸರದು 15 ಕಿಲೋ, 25 ಮಿಲಿಮೀಟರ್. ಈ ಎರಡನೆಯದು ಎಷ್ಟೋ ಜಿಮ್ಮುಗಳಲ್ಲಿ ಇರುವುದೇ ಇಲ್ಲ. ಹೊಸದಾಗಿ ಬಂದವಳಿಗೆ ಭುಜದಿಂದ ತಲೆಯ ಮೇಲಕ್ಕೆ ತಳ್ಳಲು ಬರೀ 20 ಕಿಲೋ ಬಾರೇ ಹೆಚ್ಚಾಗಬಹುದು. ಅದನ್ನು ದಾಟಿದಳು ಅನ್ನಿ. ಅಲ್ಲಿರುವ ಅತಿ ಸಣ್ಣ ಪ್ಲೇಟು 1.25 ಕಿಲೋ, ಎರಡೂ ಬದಿಗೆ ಹಾಕಿದರೆ 2.5 ಕಿಲೋ. 60 ಕಿಲೋ ತಳ್ಳುವ ಗಂಡಸಿಗೆ ಅದು ಶೇ. 4ರಷ್ಟು ಏರಿಕೆ. 20 ಕಿಲೋ ತಳ್ಳುವವಳಿಗೆ ಶೇ. 12.5. ಡಂಬೆಲ್ಲಿನ ಕಥೆ ಇನ್ನೂ ಕಷ್ಟ: 5 ಕಿಲೋ ಆದಮೇಲೆ ರ‍್ಯಾಕಿನಲ್ಲಿರುವುದು 7.5, ಅಂದರೆ ಒಂದೇ ಸಲಕ್ಕೆ ಅರ್ಧದಷ್ಟು ಜಾಸ್ತಿ. ಅವಳು ಅಲ್ಲೇ ವಾರಗಟ್ಟಲೆ ನಿಂತುಬಿಟ್ಟರೆ "ಲೇಡೀಸ್‌ಗೆ ಇಷ್ಟೇ" ಅಂದುಬಿಡುತ್ತಾರೆ. ಅರ್ಧ ಕಿಲೋದ ಪ್ಲೇಟು ತಂದಿಟ್ಟು ಆಮೇಲೆ ಮಾತಾಡಲಿ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಜೊತೆ ಇರುತ್ತದೆ. ಬೇಕಾದ ಹುಡುಗಿಯರಿಗೆಲ್ಲ ಕೊಡುತ್ತೇನೆ. ಅದೇ ಬಾರ್ ಅವರ ತಲೆಯ ಮೇಲೆ ಹೋಗುವುದನ್ನು ನೋಡುವುದರಷ್ಟು ಖುಷಿ ನನಗೆ ಬೇರೆಯದಿಲ್ಲ.

1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲೇ ಗಂಡಸರ ವೇಟ್‌ಲಿಫ್ಟಿಂಗ್ ಇತ್ತು. ಹೆಂಗಸರಿಗೆ ಆ ವೇದಿಕೆ ಸಿಕ್ಕಿದ್ದು 2000ದಲ್ಲಿ, ಸಿಡ್ನಿಯಲ್ಲಿ. ಸಿಕ್ಕ ಮೊದಲ ಅವಕಾಶದಲ್ಲೇ ಕರ್ಣಂ ಮಲ್ಲೇಶ್ವರಿ 69 ಕಿಲೋ ಮೈತೂಕದ ವಿಭಾಗದಲ್ಲಿ, ಎರಡು ಬಗೆಯ ಎತ್ತುವಿಕೆ ಸೇರಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದರು. 2021ರಲ್ಲಿ ಟೋಕಿಯೋದಲ್ಲಿ ಮೀರಾಬಾಯಿ ಚಾನು 49 ಕಿಲೋ ವಿಭಾಗದಲ್ಲಿ ಬೆಳ್ಳಿ ಗೆದ್ದಾಗ ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ, ಅಲ್ಲಿಂದ ತಲೆಯ ಮೇಲಕ್ಕೆ ಎತ್ತುವುದು) ತಲೆಯ ಮೇಲೆ ಹಿಡಿದು ನಿಂತದ್ದು 115 ಕಿಲೋ. ಮೈತೂಕದ ಎರಡು ಪಟ್ಟಿಗೂ ಹೆಚ್ಚು! ಬಂಡೆ ಹತ್ತುವವರಲ್ಲಿ ಲಿನ್ ಹಿಲ್ ಅನ್ನುವವರಿದ್ದಾರೆ. ಅಮೆರಿಕದ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ ಮೇಲಿನ 'ದಿ ನೋಸ್' ದಾರಿಯನ್ನು 1993ರಲ್ಲಿ ಫ್ರೀ ಕ್ಲೈಂಬಿಂಗ್ ಮಾಡಿದರು. ಹಗ್ಗ ಇದ್ದದ್ದು ಬಿದ್ದರೆ ತಡೆಯಲು ಮಾತ್ರ, ಏರಿದ್ದು ಕೈಕಾಲಿನ ಬಲದಿಂದ. ಗಂಡಸರು, ಹೆಂಗಸರು ಎಲ್ಲರನ್ನೂ ಸೇರಿಸಿಕೊಂಡರೂ ಹಾಗೆ ಏರಿದ ಮೊದಲಿಗರು ಅವರೇ. ಮರುವರ್ಷ ಅದೇ ದಾರಿಯನ್ನು ಒಂದು ದಿನದೊಳಗೆ ಮುಗಿಸಿದರು. ಅವರ ತೋಳು ಹೇಗಿತ್ತು ಅಂತ ನನ್ನನ್ನು ಕೇಳಬೇಡಿ.

ಚೆಂದದ ಚಿಂತೆ ಮಾಡುವವರು ಮೂಳೆಯ ಚಿಂತೆಯನ್ನೂ ಸ್ವಲ್ಪ ಮಾಡಲಿ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ಬೇಗ ಬೇಗ ಸವೆಯುತ್ತದೆ. ಬೀಳುವಾಗ ಕೈಯೂರಿದರೆ ಮುರಿಯುವುದು ಮಣಿಕಟ್ಟು. ವಾಕಿಂಗ್ ಒಳ್ಳೆಯದೇ, ಆದರೆ ಮೂಳೆ ಗಟ್ಟಿಯಾಗುವುದು ಭಾರ ಬಿದ್ದ ಕಡೆ. ನಡೆದರೆ ಮಣಿಕಟ್ಟಿನ ಮೇಲೆ, ಭುಜದ ಮೇಲೆ ಭಾರ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ 2 ದಿನ ಎಲ್ಲ ಮುಖ್ಯ ಸ್ನಾಯುಗಳಿಗೂ ಬಲ ಬರುವ ವ್ಯಾಯಾಮ ಮಾಡಬೇಕು ಅಂತಿದೆ. ಹೆಂಗಸರು ತೋಳನ್ನು ಬಿಟ್ಟುಬಿಡಿ ಅಂತ ಎಲ್ಲೂ ಹೇಳಿಲ್ಲ.

ನನಗೆ ಬೇಕಾದ ಪ್ರಶ್ನೆಯೇ ಬೇರೆ. "ನನಗೂ ಒಂದು ಪುಲ್-ಅಪ್ ಬರಬೇಕು, ಎಲ್ಲಿಂದ ಶುರು ಮಾಡಲಿ?" ಅಂತ ಕೇಳಿ. ಎತ್ತರದ ಬಾರಿಗೆ ನೇತುಬಿದ್ದು, ಗದ್ದ ಬಾರಿನ ಮೇಲೆ ಬರುವವರೆಗೆ ಮೈಯನ್ನು ಎಳೆದುಕೊಳ್ಳುವುದೇ ಪುಲ್-ಅಪ್. ಎಷ್ಟು ಹೊತ್ತಾದರೂ ನಿಮ್ಮ ಪಕ್ಕದಲ್ಲಿ ನಿಂತು ಹೇಳುತ್ತೇನೆ.

ಮೊದಲು ಬಾರ್ ಹಿಡಿದು ಸುಮ್ಮನೆ ನೇತಾಡಿ. 10 ಸೆಕೆಂಡಿಗೆ ಬೆರಳು ಜಾರಿದರೆ 10 ಸೆಕೆಂಡೇ ಸಾಕು. 30 ಸೆಕೆಂಡಿನವರೆಗೆ ನಿಧಾನಕ್ಕೆ ಏರಿಸಿ. ಆಮೇಲೆ ಮೊಣಕೈ ಮಡಚದೆ, ಭುಜದ ಹಲಗೆಗಳನ್ನಷ್ಟೇ ಕೆಳಕ್ಕೆ ಎಳೆದುಕೊಳ್ಳುವುದನ್ನು ಕಲಿಯಿರಿ. ಮೈ ಒಂದೆರಡು ಇಂಚು ಮೇಲಕ್ಕೆ ಬರುತ್ತದೆ, ಅಷ್ಟೇ. ಆದರೆ ಪುಲ್-ಅಪ್ ಶುರುವಾಗುವುದೇ ಅಲ್ಲಿಂದ. ಇದರ ಜೊತೆಗೆ ಸೊಂಟದೆತ್ತರದ ಬಾರ್ ಕೆಳಗೆ ಮೈ ನೆಟ್ಟಗೆ ಚಾಚಿ ಮಲಗಿ, ಬಾರ್ ಹಿಡಿದು ಎದೆಯನ್ನು ಬಾರಿನ ಕಡೆಗೆ ಎಳೆಯಿರಿ. ಇದು ಸಲೀಸಾದ ಮೇಲೆ ಸ್ಟೂಲ್ ಹತ್ತಿ, ಗದ್ದ ಬಾರಿನ ಮೇಲಿರುವಂತೆ ಹಿಡಿದು, ಸ್ಟೂಲಿನಿಂದ ಕಾಲು ತೆಗೆದು, ಐದು ಎಣಿಸುವಷ್ಟು ಹೊತ್ತು ತಡೆತಡೆದು ಇಳಿಯಿರಿ. ಏರಿಸಲಾಗದ ಭಾರವನ್ನೂ ಸ್ನಾಯು ಇಳಿಸಬಲ್ಲದು, ಇಳಿಸುತ್ತಲೇ ಬಲ ಬರುತ್ತದೆ. ಮೂರು ನಾಲ್ಕು ಸಲ ಸಾಕು. ಪ್ರತಿ ಸುತ್ತಿನ ನಡುವೆ ಎರಡು ಮೂರು ನಿಮಿಷ ಕೂತುಕೊಳ್ಳಿ, ಅವಸರ ಬೇಡ.

ಪುಷ್-ಅಪ್‌ಗೆ ಮೊಣಕಾಲೂರಬೇಕಾಗಿಲ್ಲ. ಪೂರ್ತಿ ಪುಷ್-ಅಪ್‌ನಲ್ಲಿ ಮೈತೂಕದ ಸುಮಾರು ಮೂರನೇ ಎರಡು ಭಾಗ ಕೈಗಳ ಮೇಲೆ ಬೀಳುತ್ತದೆ. ಅದು ಹೆಚ್ಚಾದರೆ ಗಟ್ಟಿಯಾದ ಮೇಜಿನ ಅಂಚಿಗೆ ಕೈಯೂರಿ, ಹಿಮ್ಮಡಿಯಿಂದ ತಲೆವರೆಗೆ ಮೈ ನೇರ ಇಟ್ಟು ಮಾಡಿ. ಮೇಜು ಸಲೀಸಾದರೆ ಬೆಂಚು, ಬೆಂಚು ಸಲೀಸಾದರೆ ನೆಲ. ಭುಜದ ಕೀಲಿನೊಳಗೆ ಚುಚ್ಚಿದ ಹಾಗಾದರೆ ಅವತ್ತಿಗೆ ನಿಲ್ಲಿಸಿ.

ಮೊದಲ ಪುಲ್-ಅಪ್‌ಗೆ ತಿಂಗಳುಗಳೇ ಹಿಡಿಯಬಹುದು, ಮೈತೂಕವಷ್ಟನ್ನೂ ಎತ್ತಬೇಕಲ್ಲ. ಅಷ್ಟರಲ್ಲಿ ಅಂಗೈ ಜಡ್ಡುಗಟ್ಟುತ್ತದೆ. ಅದನ್ನು ಕೀಳಬೇಡಿ, ಸ್ನಾನವಾದ ಮೇಲೆ ಮೆತ್ತಗಾಗಿರುವಾಗ ಹಿಮ್ಮಡಿ ಉಜ್ಜುವ ಕಲ್ಲಿನಿಂದ ಉಜ್ಜಿ ಸಮ ಮಾಡಿಕೊಳ್ಳಿ. ಹಾಗೇ ಬಿಟ್ಟರೆ ಬಾರಿಗೆ ಸಿಕ್ಕಿ ಚರ್ಮದ ಸಮೇತ ಕಿತ್ತು ಬರುತ್ತದೆ, ಮತ್ತೆ ಒಂದು ವಾರ ಬಾರ್ ಮುಟ್ಟಲಾಗುವುದಿಲ್ಲ.