ಸ್ವೆಟರ್ ಆಗದ ನೂಲು

ಬಳ್ಳಾರಿಯಲ್ಲಿ ಉಲ್ಲನ್ ಅಂಗಡಿ ಇಟ್ಟಿದ್ದೀನಿ ಅಂದರೆ ಜನ ಮೊದಲು ಮೇಲೆ ಬಿಸಿಲು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಸ್ವೆಟರ್ ಯಾರಿಗೆ ಬೇಕು? ನಿಜ ಹೇಳಬೇಕೆಂದರೆ ನನ್ನ ಹೊಟ್ಟೆ ತುಂಬಿಸುವುದು ಬಾಗಿಲ ತೋರಣ, ಕ್ರೋಶಾ ಹೊದಿಕೆ, ಸ್ಕೂಲ್ ಮಕ್ಕಳ ಕ್ರಾಫ್ಟು. ಡಿಸೆಂಬರ್ ಬಂದರೆ ಕೂಸಿನ ಟೋಪಿ, ಕಾಲುಚೀಲಕ್ಕೆ ಅಂತ ಒಂದೆರಡು ಉಂಡೆ ಜಾಸ್ತಿ ಹೋಗುತ್ತವೆ. ಅಷ್ಟೇ.

ಅಂಥ ಒಂದು ಡಿಸೆಂಬರ್ ಮಧ್ಯಾಹ್ನ ಅಜ್ಜಿಯೊಬ್ಬರು ಗೋಣಿಚೀಲ ಹೊತ್ತು ಬಂದರು. ಕೂಡ್ಲಿಗಿ ಕಡೆಯವರು. 2021ರಲ್ಲಿ ಆ ತಾಲ್ಲೂಕು ವಿಜಯನಗರ ಜಿಲ್ಲೆಗೆ ಹೋಯಿತು, ಆದರೆ ಅಜ್ಜಿಗೆ ಪೇಟೆ ಅಂದರೆ ಬಳ್ಳಾರಿಯೇ. ಮಗಳು ಇಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತಾಳೆ, ಅವಳನ್ನು ನೋಡಲು ಬಂದಿದ್ದರಂತೆ.

ಚೀಲ ಬಿಚ್ಚುವ ಮೊದಲು ರ‍್ಯಾಕಿನಲ್ಲಿದ್ದ ಗುಲಾಬಿ ಉಂಡೆಯೊಂದನ್ನು ಹಿಸುಕಿ ನೋಡಿದರು. "ಇದು ಯಾವ ಕುರೀದು ಯಮ್ಮಾ?"

ಹನ್ನೊಂದು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ಎಲ್ಲರೂ ಉಲ್ಲನ್ ಅಂತಲೇ ಕರೆಯುತ್ತಾರೆ, ಆದರೆ ಲೂಧಿಯಾನದಿಂದ ನನಗೆ ಬರುವ ಮಾಲಿನಲ್ಲಿ ಮುಕ್ಕಾಲು ಪಾಲು ಅಕ್ರಿಲಿಕ್. ಅದಕ್ಕೂ ಕುರಿಗೂ ಸಂಬಂಧವಿಲ್ಲ.

"ಕುರೀದಲ್ಲಮ್ಮ. ಪ್ಲಾಸ್ಟಿಕ್ ಇದ್ದಂಗೆ."

ಅಜ್ಜಿ ನಂಬಲಿಲ್ಲ. ಸೊಂಟದ ಸಂಚಿಯಿಂದ ಬೆಂಕಿಪೊಟ್ಟಣ ತೆಗೆದು ಒಂದು ತುಂಡು ಎಳೆಗೆ ತಾಗಿಸಿಯೇ ಬಿಟ್ಟರು. ಅದು ಕರಗಿ, ಸುರುಟಿ, ಗಟ್ಟಿ ಕರಿ ಮಣಿಯಾಯಿತು. ಆಮೇಲೆ ತಮ್ಮ ಚೀಲದ ನೂಲನ್ನೂ ಸುಟ್ಟರು. ಅಂಗಡಿ ತುಂಬಾ ಕೂದಲು ಸುಟ್ಟ ವಾಸನೆ. ಬೂದಿ ಬೆರಳಲ್ಲಿ ಪುಡಿಯಾಯಿತು. ಅಜ್ಜಿ ಏನೂ ಹೇಳಲಿಲ್ಲ, ಸುಮ್ನೆ ನಕ್ಕರು. ನನಗೆ ಸ್ವಲ್ಪ ಕಸಿವಿಸಿ ಆಯಿತು. ಅಷ್ಟರಲ್ಲಿ ಒಬ್ಬರು ಗಿರಾಕಿ ಮೂಗು ಮುಚ್ಚಿಕೊಂಡು ಹೋಗಿಬಿಟ್ಟಿದ್ದರು.

ಚೀಲದಲ್ಲಿ ಇದ್ದದ್ದು ಕಂಬಳಿ ನೂಲು. ಬಣ್ಣ ಹಾಕದ, ಕುರಿಯ ಮೈಮೇಲೆ ಹೇಗಿತ್ತೋ ಹಾಗೇ ಕರಿ. ಬಿಲ್ಲಿನಿಂದ ಉಣ್ಣೆ ಹಿಂಜಿ, ಕದಿರಿನಲ್ಲಿ ನೂತದ್ದು. ಮನೆಯ ಮಗ್ಗ ನಿಂತು ಹೋಗಿದೆ, ಕೈ ಮಾತ್ರ ನಿಂತಿಲ್ಲ, ಅದಕ್ಕೇ ನೂಲು ಉಳಿದಿದೆ ಅಂದರು. "ತಗಂತೀಯೇನಮ್ಮಾ?"

ಎರಡು ಕೆಜಿ ತಗೊಂಡೆ. ಪಾಪ ಅಂತ ಅಲ್ಲ, ಆಸೆಗೆ. ಬಳ್ಳಾರಿ ಕುರಿ ಅಂತ ಒಂದು ತಳಿಯೇ ಇದೆ, ಅದರ ಊರಿನವಳು ನಾನು ಪಂಜಾಬಿನ ಪ್ಲಾಸ್ಟಿಕ್ ಮಾರುತ್ತಾ ಕೂತಿದ್ದೇನಲ್ಲ ಅನ್ನಿಸಿತ್ತು. ನಮ್ಮ ಮನೆಯವರಿಗೆ ತೋಳಿಲ್ಲದ ಸ್ವೆಟರ್ ಹೆಣೆದು ಅಂಗಡಿಯಲ್ಲಿ ತೂಗುಹಾಕೋಣ ಅಂತ ಲೆಕ್ಕ.

ಹತ್ತು ನಂಬರ್ ಕಡ್ಡಿಯಲ್ಲಿ ಶುರು ಮಾಡಿದೆ. ನೂಲು ಸರಿಯಲೇ ಇಲ್ಲ. ಏಳಕ್ಕೆ ಬಂದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮ ಹಳೇ ಕಡ್ಡಿಗಳಲ್ಲಿ ನಂಬರ್ ಇಳಿದಷ್ಟೂ ಕಡ್ಡಿ ದಪ್ಪ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ನಡುನಡುವೆ ಮುಳ್ಳು, ಒಣಹುಲ್ಲಿನ ಚೂರು ಆರಿಸಿ ತೆಗೆಯುವುದು. ಕೈಗೆಲ್ಲ ಕುರಿಯ ಜಿಡ್ಡು. ಅಂಗೈ ಮೆತ್ತಗಾಯಿತು ಅನ್ನುವುದು ಬೇರೆ ಮಾತು. ಒಂದು ಗೇಣು ಹೆಣೆದು ಹಾಸಿ ನೋಡಿದರೆ ಬಟ್ಟೆ ಓರೆ. ಚೌಕ ಆಗಬೇಕಾದದ್ದು ಒಂದು ಕಡೆ ವಾಲಿಕೊಂಡು ಕೂತಿದೆ. ಕುಣಿಕೆ ಎಣಿಸಿದೆ, ಸರಿ ಇದೆ. ಬಿಚ್ಚಿದೆ, ಮತ್ತೆ ಹೆಣೆದೆ, ಮತ್ತೆ ಓರೆ. ಹಾಗೇ ಹಟಕ್ಕೆ ಬಿದ್ದು ಮುಗಿಸಿದೆ. ನಮ್ಮ ಮನೆಯವರು ಬನಿಯನ್ ಮೇಲೆ ಹಾಕಿಕೊಂಡು ಎರಡು ನಿಮಿಷಕ್ಕೆ ಕತ್ತು ಕೆರೆಯತೊಡಗಿದರು. "ಜಾಲಿ ಮುಳ್ಳಿನಲ್ಲಿ ಹೆಣೆದೆಯಾ?" ಅಂದರು.

ಸಂಕ್ರಾಂತಿ ಕಳೆದ ಮೇಲೆ ಅಜ್ಜಿ ಮತ್ತೆ ಬಂದರು. ಸ್ವೆಟರ್ ತೋರಿಸಿದೆ. ಎತ್ತಿ ಹಿಡಿದು ತಾವೂ ಅದರ ಜೊತೆ ಒಂದಿಷ್ಟು ವಾಲಿದರು.

"ಒಂದೆಳೇಲಿ ಹೆಣೆದ್ರೆ ತಿರುಚ್ದೆ ಇನ್ನೇನ್ ಮಾಡ್ತೈತೆ? ಅದು ಮಗ್ಗದ ನೂಲು."

ಮಗ್ಗದಲ್ಲಿ ಹಾಸು, ಅಂದರೆ ಉದ್ದದ ಎಳೆಗಳಿಗೆ ಹುಣಸೆಬೀಜದ ಗಂಜಿ ಬಳಿಯುತ್ತಾರೆ, ಹೊಕ್ಕು, ಅಂದರೆ ಅಡ್ಡದ ಎಳೆ ಬಿಗಿಯಾಗಿ ಕೂರುತ್ತದೆ, ಎಳೆಗೆ ತಿರುಗಲು ಜಾಗವಿಲ್ಲ. ಹೆಣಿಗೆಯ ಕುಣಿಕೆ ಸಡಿಲ. ನೂಲುವಾಗ ತಿಂದ ತಿರುಚನ್ನೆಲ್ಲ ನೂಲು ಅಲ್ಲಿ ಹೊರಗೆ ಹಾಕುತ್ತದೆ. ಅಜ್ಜಿ ಕೈಚೀಲದಿಂದ ಕದಿರು ತೆಗೆದರು. ಎರಡು ಎಳೆ ಜೋಡಿಸಿ, ನೂತ ದಿಕ್ಕಿಗೆ ಎದುರಾಗಿ ತಿರುವಿದರು. ಒಂದು ತಿರುಚು ಇನ್ನೊಂದನ್ನು ತಿಂದು ಹುರಿ ನೆಟ್ಟಗೆ ನಿಂತಿತು. ನನ್ನ ಅಂಗಡಿಯ ಎಲ್ಲ ಉಂಡೆಗಳ ಚೀಟಿಯ ಮೇಲೂ ನಾಲ್ಕೆಳೆ ಅಂತ ಬರೆದಿರುತ್ತದೆ. ಯಾಕೆ ನಾಲ್ಕು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ ನೋಡಿ.

ಚುಚ್ಚುವುದಕ್ಕೆ ಮಾತ್ರ ಮದ್ದಿಲ್ಲವಂತೆ. "ಮೈಗಲ್ಲ, ಅಂಗಿ ಮೇಲಕ್ಕೆ. ಮಳೇಗೆ, ಚಳೀಗೆ. ಕೂಸಿಗೆ ಹಾಕಬ್ಯಾಡ ತಾಯಿ."

ಹಾಗಾಗಿ ಸ್ವೆಟರ್ ಆಸೆ ಬಿಟ್ಟು ಕೂರುವ ಚಾಪೆ ಹೆಣೆದೆ. ಹುರಿ ನೂಲು, ಚಚ್ಚೌಕ, ಒಂದಿಷ್ಟೂ ಓರೆ ಇಲ್ಲ. ಪೂಜೆಗೆ ಕೂರಲು ಕಂಬಳಿ ಒಳ್ಳೆಯದು ಅನ್ನುವ ಜನ ನಮ್ಮಲ್ಲಿ ಇನ್ನೂ ಇದ್ದಾರೆ. ಮೂರು ಹೋದವು. ಇನ್ನಷ್ಟು ನೂಲು ಕೊಡಿ ಅಂದೆ. ಅಜ್ಜಿಯ ಮಗ ಕರಿ ಕುರಿ ಮಾರಿ ರಾಯಚೂರು ಕಡೆಯ ಕೆಂಗುರಿ ತಂದಿದ್ದಾನಂತೆ. ಅದು ಮಾಂಸದ ಕುರಿ, ಮೈಮೇಲೆ ಕತ್ತರಿಸುವಂಥ ಉಣ್ಣೆ ಇಲ್ಲ. ಅವನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. "ಉಣ್ಣೆ ಮಾರಿದ್ರೆ ಕತ್ತರಿಸಿದೋನ ಕೂಲೀನೂ ಹುಟ್ಟಲ್ಲ" ಅಂತ ಅಜ್ಜಿಯೇ ಹೇಳಿದರು. ಅಕ್ಕಪಕ್ಕದವರ ಹಟ್ಟಿಯಲ್ಲಿ ಕೇಳಿ ನೋಡುತ್ತೇನೆ ಅಂದರು.

ನಾವು ಹೀಗೆ ಮಾತಾಡುತ್ತಿರುವಾಗಲೇ ಒಬ್ಬ ಹುಡುಗಿ ಬಂದು ನಾಲ್ಕನೇ ಚಾಪೆಯನ್ನು ಎತ್ತಿ, ತಿರುಗಿಸಿ, ಮೂಸಿ ನೋಡಿದಳು.

"ಅಕ್ಕಾ, ಚೆನ್ನಾಗಿದೆ. ಇದ್ರಲ್ಲೇ ಪಿಂಕ್ ಇಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಅಂದರು: "ಆ ಬಣ್ಣದ ಮರಿ ಹುಟ್ಟಿದ್ರೆ ಹೇಳಿ ಕಳಿಸ್ತೀನಿ ತಾಯಿ."