ಸುಮಿದಾ ನದಿಯಾಚೆಯ ಸುಶಿ

ಟೋಕಿಯೊದಲ್ಲಿ ಸುಮಿದಾ ನದಿಯ ಪೂರ್ವ ದಂಡೆಯ ರ್ಯೋಗೊಕುವಿಗೆ ಬರುವವರಲ್ಲಿ ಹೆಚ್ಚಿನವರು ಸುಮೊ ಕ್ರೀಡಾಂಗಣವನ್ನು ನೋಡಿಕೊಂಡು ಹಿಂದಿರುಗುತ್ತಾರೆ. ನಾವು ಹೋದದ್ದು ಮೇ ತಿಂಗಳಲ್ಲಿ. ಬೇಸಿಗೆಯ ಸುಮೊ ಪಂದ್ಯಾವಳಿ ನಡೆಯುತ್ತಿದ್ದುದರಿಂದ ಕ್ರೀಡಾಂಗಣದ ಎದುರಿನ ರಸ್ತೆಯುದ್ದಕ್ಕೂ ಕುಸ್ತಿಪಟುಗಳ ಹೆಸರು ಬರೆದ ಬಣ್ಣದ ಪತಾಕೆಗಳು ಹಾರಾಡುತ್ತಿದ್ದವು. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ, 1657ರ ಭೀಕರ ಬೆಂಕಿಯಲ್ಲಿ ಮಡಿದವರ ಸದ್ಗತಿಗಾಗಿ ಕಟ್ಟಿದ ಎಕೋಇನ್ ಎಂಬ ಬೌದ್ಧ ದೇವಾಲಯವಿದೆ. ಅದರ ಸಮೀಪದ ಗಲ್ಲಿಯೊಂದರಲ್ಲಿ, ಹನಾಯಾ ಯೊಹೆಯಿ ಎಂಬಾತನ ಸುಶಿ ಅಂಗಡಿ ಇದ್ದ ಜಾಗವನ್ನು ಗುರುತಿಸುವ ಫಲಕವನ್ನು ನಿಲ್ಲಿಸಿದ್ದಾರೆ. ಅಂಗಡಿ ಈಗಿಲ್ಲ. ಫಲಕವನ್ನು ನೋಡಲೆಂದೇ ಬಂದವರು ನಮ್ಮ ಹೊರತು ಬೇರೆ ಯಾರೂ ಇರಲಿಲ್ಲ.

ಟೋಕಿಯೊಗೆ ಎದೊ ಎಂಬ ಹೆಸರಿದ್ದ ಕಾಲದಲ್ಲಿ, 1820ರ ದಶಕದ ಸುಮಾರಿಗೆ, ವಿನೆಗರ್ ಬೆರೆಸಿದ ಅನ್ನವನ್ನು ಅಂಗೈಯಲ್ಲಿ ಒತ್ತಿ, ಮೇಲೊಂದು ಮೀನಿನ ಹೋಳಿಟ್ಟು ಆ ಕ್ಷಣವೇ ಕೈಗೆ ಕೊಡುವ ನಿಗಿರಿ ಸುಶಿಗೆ ಹೆಸರು ತಂದುಕೊಟ್ಟವನು ಈ ಯೊಹೆಯಿ ಎಂಬುದು ಪ್ರಚಲಿತ ಅಭಿಪ್ರಾಯ. ಅದಕ್ಕಿಂತ ಹಳೆಯ ಸುಶಿಯೆಂದರೆ ಉಪ್ಪು ಹಚ್ಚಿದ ಮೀನನ್ನು ಅನ್ನದೊಳಗೆ ಹುದುಗಿಸಿ, ತಿಂಗಳುಗಟ್ಟಲೆ ಹುಳಿ ಬರಿಸಿ, ಕೊನೆಗೆ ಮೀನನ್ನು ಮಾತ್ರ ತಿನ್ನುವ ಕ್ರಮ. ಬಿವಾ ಸರೋವರದ ಶಿಗಾ ಪ್ರಾಂತದಲ್ಲಿ ಅದು ಇಂದಿಗೂ ಉಳಿದಿದೆ. ಕೆಲಸದ ಅವಸರದಲ್ಲಿದ್ದ ಎದೊ ನಗರದ ಕೂಲಿಗಳಿಗೂ ಕುಶಲಕರ್ಮಿಗಳಿಗೂ ತಿಂಗಳುಗಟ್ಟಲೆ ಕಾಯುವ ವ್ಯವಧಾನವಿರಲಿಲ್ಲ. ಅವರು ಬೀದಿಬದಿಯ ಗಾಡಿಯ ಮುಂದೆ ನಿಂತು ತಿಂದು ಹೋಗುತ್ತಿದ್ದರು. ಅಂದಿನ ಒಂದೊಂದು ತುಂಡೂ ಇಂದಿನದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಿತ್ತು. ಇಂದು ನದಿಯಾಚೆಯ ದುಬಾರಿ ಪೇಟೆಯಾದ ಗಿನ್ಜಾದಲ್ಲಿ ತಿಂಗಳ ಮೊದಲೇ ಜಾಗ ಕಾದಿರಿಸಿ, ಹತ್ತಾರು ಸಾವಿರ ಯೆನ್ ತೆತ್ತು ತಿನ್ನುವ ಪದಾರ್ಥದ ಮೂಲ ಇದೇ ಬೀದಿತಿಂಡಿ ಎಂಬುದನ್ನು ಅರಿತೇ ನಾನು ಗಿನ್ಜಾದ ಆಸೆ ಬಿಟ್ಟು, ನದಿಯ ಈಚೆ ದಡದಲ್ಲೇ, ಬಡಾವಣೆಯ ಜನ ಹೋಗುವ ಅಂಗಡಿಯೊಂದರಲ್ಲಿ ಊಟ ಮಾಡಬೇಕೆಂದು ಹಟ ಹಿಡಿದಿದ್ದೆ.

ಅಂಥ ಅಂಗಡಿಯನ್ನು ಹುಡುಕಿಕೊಟ್ಟವನು ಅಕ್ಕನ ಮಗ. ಅವನಿರುವುದು ಟೋಕಿಯೊದಲ್ಲಿ ಭಾರತೀಯರು, ಅದರಲ್ಲೂ ಸಾಫ್ಟ್‌ವೇರ್ ಉದ್ಯೋಗಿಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ನಿಶಿ-ಕಸಾಯಿಯಲ್ಲಿ. ಅಲ್ಲಿಂದ ತೋಜಾಯಿ ಮಾರ್ಗದ ರೈಲು ಅರಾಕಾವಾ ನದಿಯನ್ನು ಸೇತುವೆಯ ಮೇಲೆ ದಾಟಿ, ಮುಂದೆ ನೆಲದೊಳಗಿಳಿದು ಮೊನ್ಜೆನ್-ನಕಾಚೋ ತಲಪುತ್ತದೆ. ಕಚೇರಿಯಿಂದ ಮರಳುವಾಗ ಅವನು ಆಗಾಗ ಇಳಿಯುವ ನಿಲ್ದಾಣ ಅದು. ರ್ಯೋಗೊಕುವಿನಿಂದ ನಾವು ಓಎದೊ ಮಾರ್ಗದಲ್ಲಿ ಅಲ್ಲಿಗೆ ಹೋದೆವು, ನಡುವೆ ಎರಡೇ ನಿಲ್ದಾಣಗಳು.

ಮೊನ್ಜೆನ್-ನಕಾಚೋ ಎಂದರೆ ದೇವಾಲಯದ ಬಾಗಿಲೆದುರಿನ ಪೇಟೆ. ಇಲ್ಲಿ ಫುಕಾಗಾವಾದ ಫುದೋ ದೇವಾಲಯವಿದೆ, ಪಕ್ಕದಲ್ಲೇ 1627ರಲ್ಲಿ ಸ್ಥಾಪನೆಯಾದ ತೊಮಿಒಕಾ ಹಚಿಮಾನ್ ಗುಡಿಯಿದೆ. ಹಿಂದೆ ಬೆಸ್ತರು ನೆಲೆಸಿದ್ದ ಈ ಪ್ರದೇಶದ ಹೆಸರಿನ ಫುಕಾಗಾವಾ ಅನ್ನ, ಅಂದರೆ ಮಳಿ ಎಂಬ ಚಿಪ್ಪುಮೀನು ಬೆರೆಸಿದ ಅನ್ನ, ಇಂದಿಗೂ ಇಲ್ಲಿನ ಹೋಟೆಲುಗಳಲ್ಲಿ ಸಿಗುತ್ತದೆ. ಗುಡಿಗಳನ್ನು ನೋಡಿಕೊಂಡು ಗಲ್ಲಿಗೆ ತಿರುಗಿದಾಗ ಗಂಟೆ ಐದು ಕಳೆದಿತ್ತು. ಅಂಗಡಿಯ ಮರದ ಬಾಗಿಲ ಮೇಲೆ ನೀಲಿ ಬಟ್ಟೆಯ ನೋರೆನ್ ತೂಗುತ್ತಿತ್ತು. ಅದನ್ನು ಹೊರಗೆ ತೂಗುಹಾಕಿದ್ದರೆ ಅಂಗಡಿ ತೆರೆದಿದೆ ಎಂದರ್ಥ. ಹೊರಗೆ ಬೆಲೆಪಟ್ಟಿ ಇರಲಿಲ್ಲ, ಆದ್ದರಿಂದ ಪರಿಚಯವಿಲ್ಲದವರು ಒಳಹೋಗಲು ಹಿಂಜರಿಯುವುದು ಸಹಜ. ಬಾಗಿಲನ್ನು ಪಕ್ಕಕ್ಕೆ ಸರಿಸಿದರೆ ಒಳಗೆ ಎಂಟು ಜನ ಕೂರಬಹುದಾದ ಹಿನೋಕಿ ಮರದ ಕಟ್ಟೆ, ಅದರ ಮೇಲೆ ಮೀನು ಜೋಡಿಸಿದ ಗಾಜಿನ ಪೆಟ್ಟಿಗೆ, ಮೂಲೆಯ ಟೀವಿಯಲ್ಲಿ ನಾವು ಆಗಷ್ಟೇ ಬಿಟ್ಟುಬಂದ ಕ್ರೀಡಾಂಗಣದ ಕುಸ್ತಿ. ಮೊದಲೇ ಬಂದು ಕುಳಿತಿದ್ದ ಇಬ್ಬರು ಹಿರಿಯರು ನಮಗಾಗಿ ಒಂದೊಂದು ಕುರ್ಚಿ ಸರಿದು, ಮತ್ತೆ ಟೀವಿಯ ಕಡೆ ತಿರುಗಿದರು.

ಯಜಮಾನರನ್ನು ಗಿರಾಕಿಗಳು ‘ತೈಶೋ’ ಎಂದು ಕರೆಯುತ್ತಿದ್ದರು. ಎಪ್ಪತ್ತರ ಆಸುಪಾಸಿನ ಮಿತಭಾಷಿ. ಅವರ ಹೆಂಡತಿ ಬಿಸಿ ಕೈವಸ್ತ್ರವನ್ನೂ ದೊಡ್ಡ ಲೋಟದಲ್ಲಿ ಹಸಿರು ಚಹಾವನ್ನೂ ತಂದಿಟ್ಟರು. ಇಲ್ಲಿ ಕೇಳುವ ಕ್ರಮ ಎರಡು ಬಗೆ: ಸಾಮಾನ್ಯ, ಉತ್ತಮ, ಅತ್ಯುತ್ತಮ ಎಂದು ದರ್ಜೆ ಮಾಡಿದ ನಿಗದಿತ ತಟ್ಟೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಇಲ್ಲವೇ ಒಂದೊಂದನ್ನೇ ಹೆಸರಿಸಿ ಕೇಳಬಹುದು. ಗೋಡೆಯ ಮೇಲಿನ ಮರದ ಹಲಗೆಗಳಲ್ಲಿ ಕೆಲವು ಮೀನುಗಳಿಗೆ ಬೆಲೆಯ ಬದಲು ‘ಮಾರುಕಟ್ಟೆ ದರ’ ಎಂದಷ್ಟೇ ಬರೆದಿರುತ್ತಾರೆ, ಹೊಸಬರು ಅಂಥವನ್ನು ಕೇಳಿಕೊಂಡೇ ಮುಟ್ಟುವುದು ಕ್ಷೇಮ. ನಾವು ನಡುವಿನ ದರ್ಜೆಯಿಂದ ತೊಡಗಿದೆವು.

ನಾನು ಕುಂದಾಪುರದ ಕಡೆಯವನು, ಮೀನು ತಿಂದೇ ಬೆಳೆದವನು. ಆದರೂ ಹಸಿ ಮೀನು ಎಂದಾಗ ಮನಸ್ಸು ಒಂದು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಅಂದು ತಟ್ಟೆಗೆ ಬಂದದ್ದನ್ನು ಒಂದೊಂದಾಗಿ ನೋಡಿದಾಗ, ನಿಜವಾಗಿ ಹಸಿಯಾಗಿದ್ದವು ಎರಡು ಮೂರು ಮಾತ್ರ. ಕೆಂಪು ಟ್ಯೂನಾ ಸೋಯಾ ಸಾರದಲ್ಲಿ ನೆಂದಿತ್ತು, ಸೀಗಡಿ ಬೆಂದಿತ್ತು. ಹಾವಿನಂತೆ ಉದ್ದವಿರುವ ಅನಾಗೊ ಮೀನು ಮೆತ್ತಗೆ ಬೆಂದು, ಅದೇ ಮೀನು ಬೇಯಿಸಿದ ನೀರನ್ನು ಸಿಹಿಗೂಡಿಸಿ ಬತ್ತಿಸಿದ ಗಟ್ಟಿ ರಸವನ್ನು ಮೈಗೆ ಸವರಿಕೊಂಡು ಬಂತು. ಐಸ್ ಇಲ್ಲದ ಕಾಲದಲ್ಲಿ ಮೀನು ಕೆಡದಂತೆ ಕಂಡುಕೊಂಡ ಉಪಾಯಗಳು ಇವೆಲ್ಲ. ಇಂದು ತೊಯೊಸು ಮಾರುಕಟ್ಟೆಯಿಂದ ಬೆಳಗಿನ ಮೀನು ತಣ್ಣಗೆ ಅಂಗಡಿ ತಲಪುವಾಗ ಇವುಗಳ ಅಗತ್ಯವಿಲ್ಲ, ಉಳಿದಿರುವುದು ರುಚಿಗಾಗಿ.

ಇದು ಅತ್ಯಂತ ಸ್ಪಷ್ಟವಾಗಿ ಕಂಡದ್ದು ಕೊಹಾದಾ ಎಂಬ ಬೆಳ್ಳಿಬಣ್ಣದ ಸಣ್ಣ ಮೀನಿನಲ್ಲಿ. ನಮ್ಮ ಬೂತಾಯಿಯ ದೂರದ ನೆಂಟನಾದ ಇದು ಮುಳ್ಳು ಹೆಚ್ಚಿರುವ ಅಗ್ಗದ ಮೀನು. ಆದರೆ ಸುಶಿ ಮಾಡುವವನ ಕೈಗುಣವನ್ನು ಅಳೆಯುವುದು ಇದರಿಂದಲೇ. ಹೊಟ್ಟೆ ಸೀಳಿ, ಬಿಡಿಸಿ, ಉಪ್ಪು ಉದುರಿಸಿ, ತೊಳೆದು, ಆಮೇಲೆ ವಿನೆಗರ್‌ನಲ್ಲಿ ಅದ್ದಿ, ಕೆಲವೊಮ್ಮೆ ದಿನವೆರಡು ದಿನ ತಣ್ಣಗೆ ಇಡುತ್ತಾರೆ. ಎಷ್ಟು ಹೊತ್ತು ಉಪ್ಪು, ಎಷ್ಟು ಹೊತ್ತು ಹುಳಿ ಎಂಬುದು ಅಂದಿನ ಮೀನಿನ ಗಾತ್ರ, ಕೊಬ್ಬು, ಹವೆಯ ಸೆಕೆ ಇವುಗಳನ್ನು ನೋಡಿ ನಿರ್ಧಾರವಾಗುತ್ತದೆ. “ಇವತ್ತಿನದು ನಿನ್ನೆಯ ಮೀನು, ಇವತ್ತೇ ರುಚಿ” ಎಂದು ತೈಶೋ ಹೇಳಿದ್ದನ್ನು ಅಳಿಯ ಕನ್ನಡಕ್ಕೆ ತಂದಾಗ, ಮೀನುಸಾರು ಮರುದಿನವೇ ರುಚಿ ಎಂಬ ನಮ್ಮೂರಿನ ತಿಳಿವಳಿಕೆಗೆ ಇಲ್ಲೂ ಒಬ್ಬ ಸಾಕ್ಷಿ ಸಿಕ್ಕಂತಾಯಿತು. ಬಂಗುಡೆಯ ಜಾತಿಯ ಸಾಬಾ ಮೀನನ್ನೂ ಹೀಗೆಯೇ ಉಪ್ಪು, ವಿನೆಗರ್‌ಗಳಲ್ಲಿ ಹದಗೊಳಿಸುತ್ತಾರೆ. ಆದರೆ ಈ ಮೀನಿನಲ್ಲಿರಬಹುದಾದ ಅನಿಸಾಕಿಸ್ ಎಂಬ ಹುಳು ವಿನೆಗರ್‌ಗೆ ಸಾಯುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆಗೂ ಹೆಚ್ಚು ಹೊತ್ತು ಇಟ್ಟರೆ ಸಾಯುತ್ತದೆ. ಈ ಅಂಗಡಿಯಲ್ಲಿ ಸಾಬಾವನ್ನು ಮೊದಲು ಹಾಗೆ ಶೈತ್ಯದಲ್ಲಿಟ್ಟೇ ಬಳಸುತ್ತಾರೆಂದು ಕೇಳಿದ ಮೇಲೆ ಅದನ್ನು ನಿಶ್ಚಿಂತೆಯಿಂದ ತಿಂದೆ.

ಮೀನಿನಷ್ಟೇ ಮುಖ್ಯವಾದದ್ದು ಅನ್ನ. ಅದು ತಣ್ಣಗಿರಲಿಲ್ಲ, ಮೈಯ ಬಿಸುಪಿನಷ್ಟು ಬೆಚ್ಚಗಿತ್ತು. ಬಣ್ಣ ಸ್ವಲ್ಪ ಕಂದು. ಸಾಕೆ ಎಂಬ ಅಕ್ಕಿಯ ಮದ್ಯ ತಯಾರಿಸಿದ ಮೇಲೆ ಉಳಿಯುವ ಗಸಿಯನ್ನು ವರ್ಷಗಟ್ಟಲೆ ಮಾಗಿಸಿ ಮಾಡಿದ ಕೆಂಪು ವಿನೆಗರ್‌ನಿಂದ ಬಂದದ್ದು. ಸಕ್ಕರೆ ಕಡಿಮೆ, ಉಪ್ಪು ಮುಂದೆ. ಬೆರಳಲ್ಲಿ ಎತ್ತಿದರೆ ಬಿಡದ, ಬಾಯಲ್ಲಿಟ್ಟರೆ ತಾನೇ ಅಗುಳಗುಳಾಗಿ ಬಿಡುವ ಆ ಒತ್ತು ಯಂತ್ರಕ್ಕೆ ಸುಲಭವಾಗಿ ಬರುವಂಥದ್ದಲ್ಲ. ಕೈಯಿಂದ ತಿನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ, ನಮಗಂತೂ ಅದೇ ಅನುಕೂಲ. ಮಗುಚಿ ಮೀನಿನ ಬದಿಯನ್ನಷ್ಟೇ ಸೋಯಾಕ್ಕೆ ತಾಗಿಸಬೇಕು, ಅನ್ನವನ್ನು ಅದ್ದಿದರೆ ಉದುರಿಹೋಗುತ್ತದೆ.

ಅಳಿಯನ ಹೆಂಡತಿ ಮೈಸೂರಿನವಳು, ಸಸ್ಯಾಹಾರಿ. ಸುಶಿ ಅಂಗಡಿಯಲ್ಲಿ ಅವಳಿಗೇನು ಸಿಕ್ಕೀತೆಂಬ ನನ್ನ ಚಿಂತೆಗೆ ಅವಳೇ ಉತ್ತರ ಕೊಟ್ಟಳು: “ಮಾವ, ನೀವು ಇನ್ನೂ ಸೋರೆಕಾಯಿ ಸುಶಿ ತಿಂದಿಲ್ಲ.” ಕನ್ಪ್ಯೋ ಎಂಬುದು ಸೋರೆಕಾಯಿಯನ್ನೇ ಉದ್ದುದ್ದದ ಪಟ್ಟಿಗಳಾಗಿ ಹೆರೆದು ಒಣಗಿಸಿ, ಮತ್ತೆ ನೆನೆಸಿ, ಸೋಯಾ ಮತ್ತು ಸಕ್ಕರೆಯಲ್ಲಿ ಬೇಯಿಸಿದ ಪದಾರ್ಥ; ಟೋಕಿಯೊದ ಉತ್ತರದ ತೊಚಿಗಿ ಪ್ರಾಂತ ಇದರ ತವರು. ಅದನ್ನು ಒಳಗಿಟ್ಟು ಸುತ್ತಿದ ಸಣ್ಣ ಸುರುಳಿ ಎದೊ ಕಾಲದಿಂದ ಬಂದದ್ದು. ಸೌತೆಕಾಯಿಯ ಸುರುಳಿ, ಮೂಲಂಗಿ ಉಪ್ಪಿನಕಾಯಿಯ ಸುರುಳಿ, ಹುಳಿ ಉಮೆ ಹಣ್ಣಿನದು, ಹೀಗೆ ಅವಳ ತಟ್ಟೆಯೂ ತುಂಬಿತು. ಎಚ್ಚರವೊಂದು ಬೇಕು: ಮೊಟ್ಟೆಯ ದೋಸೆಯಲ್ಲಿ, ಮಿಸೊ ಸಾರಿನಲ್ಲಿ, ಕೆಲವೆಡೆ ಈ ಕನ್ಪ್ಯೋದಲ್ಲಿಯೂ ಒಣ ಮೀನಿನ ಸಾರ ಬೆರೆತಿರುತ್ತದೆ. ಅವಳು ಮೊದಲೇ ವಿಚಾರಿಸಿದ್ದಳು, ಇಲ್ಲಿ ಕನ್ಪ್ಯೋಗೆ ಅದನ್ನು ಹಾಕುವುದಿಲ್ಲ.

ತಟ್ಟೆ ಮುಗಿದ ಮೇಲೆ ನಾನು ವರ್ಷದ ಮೊದಲ ಕತ್ಸುವೊ ಕೇಳಿದೆ. ಮೇ ತಿಂಗಳಲ್ಲಿ ಬರುವ ಈ ಮೀನಿಗಾಗಿ ಎದೊ ಜನ ಸಾಲ ಮಾಡಲೂ ಹೇಸುತ್ತಿರಲಿಲ್ಲವಂತೆ. ಗಾಢ ಕೆಂಪು ಹೋಳು, ಮೇಲೆ ಶುಂಠಿಯ ತುರಿ. ಚೆನ್ನಾಗಿತ್ತು, ಆದರೆ ಕೊಹಾದಾದ ಮುಂದೆ ಅದರ ಗತ್ತು ನನಗೆ ಸ್ವಲ್ಪ ಹೆಚ್ಚೆನಿಸಿತು.

ಕುಸ್ತಿ ಮುಗಿದು ಟೀವಿ ಆರಿದ ಮೇಲೆ ತೈಶೋ ನಾಲ್ಕು ಮಾತಾಡಿದರು. ಯುದ್ಧಾನಂತರದ ಆಹಾರದ ಅಭಾವದಲ್ಲಿ, 1947ರಲ್ಲಿ, ಸರ್ಕಾರ ಹೋಟೆಲುಗಳ ಮೇಲೆ ನಿರ್ಬಂಧ ಹೇರಿದಾಗ, ಗಿರಾಕಿಯೇ ಒಂದು ‘ಗೋ’ ಅಳತೆಯ, ಅಂದರೆ ಸುಮಾರು 150 ಗ್ರಾಂ ಅಕ್ಕಿ ತಂದರೆ ಕೂಲಿ ಪಡೆದು ಹತ್ತು ತುಂಡು ಸುಶಿ ಮಾಡಿಕೊಡುವ ಅನುಮತಿಯನ್ನು ಸುಶಿಯವರು ಗಿಟ್ಟಿಸಿಕೊಂಡರು. ಅವರ ತಂದೆ ಆ ಅಕ್ಕಿಯನ್ನು ಅಳೆದುಕೊಳ್ಳುತ್ತಿದ್ದರಂತೆ. ಒಬ್ಬರ ತಟ್ಟೆಯಲ್ಲಿ ಇಂದಿಗೂ ಹೆಚ್ಚುಕಡಿಮೆ ಅಷ್ಟೇ ತುಂಡುಗಳಿರುತ್ತವೆ. 1958ರಲ್ಲಿ ಒಸಾಕಾದ ಕಡೆಯಲ್ಲಿ ಶಿರಾಇಶಿ ಯೊಶಿಅಕಿ ಆರಂಭಿಸಿದ ತಿರುಗುವ ಪಟ್ಟಿಯ ಸುಶಿ ಈಗ ದೊಡ್ಡ ಉದ್ಯಮವಾಗಿದೆ, ಮಕ್ಕಳಿರುವ ಸಂಸಾರಗಳು ಅಲ್ಲಿಗೆ ಹೋಗುತ್ತವೆ. ಅದರ ಬಗ್ಗೆ ಅವರಿಗೆ ಸಿಟ್ಟಿರಲಿಲ್ಲ. ಅವರ ಮಗ ಕಚೇರಿಯ ಕೆಲಸದಲ್ಲಿದ್ದಾನೆ, ಅಂಗಡಿಗೆ ಬರುವುದಿಲ್ಲ.

ಮೂವರಿಗೂ ಸೇರಿ ಹನ್ನೊಂದು ಸಾವಿರ ಯೆನ್ ಚಿಲ್ಲರೆಯಾಯಿತು. ನಗದು ಮಾತ್ರ, ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಇಂಥ ಅಂಗಡಿಗೆ ಹೋಗಬಯಸುವವರು ಜಪಾನಿ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಲಿ, ಸುಗಂಧ ಪೂಸಿಕೊಳ್ಳದಿರಲಿ, ಆದಷ್ಟು ಸಂಜೆ ಬೇಗ ಹೋಗಲಿ. ಭಾನುವಾರ ಮತ್ತು ಹಲವು ಬುಧವಾರಗಳಲ್ಲಿ ತೊಯೊಸು ಮಾರುಕಟ್ಟೆಗೆ ರಜೆ ಇರುತ್ತದೆ. ಆ ದಿನಗಳಲ್ಲಿ ಇಂಥ ಅಂಗಡಿಗಳು ಮುಚ್ಚಿರುವುದೇ ಹೆಚ್ಚು.