ನೂರರಲ್ಲಿ ಮೂವತ್ತು ಪಾಲು

ಗುರುವಾರ ಸಂಜೆ ಮನೆ ಮಾಲೀಕರು ಬಾಗಿಲು ತಟ್ಟಿದರು. ಒಳಗೆ ಕರೆದರೂ ಬರಲಿಲ್ಲ. ಹೊಸ್ತಿಲಾಚೆ ನಿಂತೇ ವಿಷಯ ಹೇಳಿದರು: ಬರುವ ತಿಂಗಳಿಂದ ಬಾಡಿಗೆ ಕಾಲು ಭಾಗ ಜಾಸ್ತಿ. ನಾನು ಬಾಯಿ ತೆರೆಯುವ ಮೊದಲೇ, "ಬೇಕಿದ್ರೆ ಊರಲ್ಲಿ ವಿಚಾರಿಸಿ ನೋಡಿ, ನಾನೇನೂ ಹೆಚ್ಚು ಕೇಳ್ತಿಲ್ಲ" ಎಂದರು. ಆ ಮಾತು ನನಗೆ ಸವಾಲು ಹಾಕಿದ ಹಾಗಿತ್ತು. ಭಾನುವಾರ ಬೆಳಿಗ್ಗೆ ನಾನೂ ಹೆಂಡತಿಯೂ ಒಂದು ನೋಟ್‌ಬುಕ್ ಹಿಡಿದು ಮನೆ ಹುಡುಕಲು ಹೊರಟೆವು.

ಹೊರಡುವ ಮುಂಚೆ ಅವಳು ಒಂದು ಉಪಾಯ ಮಾಡಿದಳು. ದುಡ್ಡಿನ ಮಾತು ಬಂದರೆ ನಾವು ಜಗಳಕ್ಕೆ ಬೀಳುತ್ತೇವೆ. ಅದಕ್ಕೇ ಇಬ್ಬರ ಸಂಬಳ ಸೇರಿ ನೂರು ಪಾಲು ಎಂದಿಟ್ಟುಕೊಳ್ಳೋಣ ಎಂದಳು. ಆ ಲೆಕ್ಕದಲ್ಲಿ ನಾವು ಕೊಡುತ್ತಿದ್ದ ಬಾಡಿಗೆ 28 ಪಾಲು. ಏರಿಸಿದರೆ 35. ಮೊದಲ ಪುಟದಲ್ಲಿ ನಾನು ದೊಡ್ಡದಾಗಿ 30 ಎಂದು ಬರೆದು ಕೆಳಗೆ ಗೆರೆ ಎಳೆದೆ. ಇದರ ಮೇಲೆ ಹೋಗುವ ಮಾತೇ ಇಲ್ಲ.

ಮೊದಲ ಮನೆ ಸರಿಯಾಗಿ 30 ಪಾಲಿಗೆ ಸಿಗುತ್ತಿತ್ತು. ಗಾಳಿ, ಬೆಳಕು, ಎರಡು ಕೋಣೆ, ಎಲ್ಲಾ ಚೆನ್ನಾಗಿತ್ತು. ಆದರೆ ಊರು ಮುಗಿದ ಮೇಲೆ ಆ ಮನೆ ಶುರುವಾಗುತ್ತಿತ್ತು. ಎರಡು ಬಸ್ ಬದಲಾಯಿಸಿ ಹೋಗಿದ್ದೆವು. ವಾಪಸ್ ಬರುವಾಗ ಬಸ್ಸಿನಲ್ಲೇ ಹೆಂಡತಿ ಲೆಕ್ಕ ಹಾಕಿದಳು. ಇಬ್ಬರೂ ದಿನಾ ಓಡಾಡಿದರೆ ಅದಕ್ಕೇ 9 ಪಾಲು. ಒಟ್ಟು 39. ಈಗಿನ ಮನೆಯಿಂದ ನಾನು ಕೆಲಸಕ್ಕೆ ನಡೆದೇ ಹೋಗುತ್ತೇನೆ, ಅವಳ ಬಸ್ಸಿಗೆ 2 ಪಾಲು ಸಾಕು. ಅಂದರೆ ಬಾಡಿಗೆ ಏರಿದರೂ ಈಗಿನ ಮನೆಗೆ 37! ಮೇಲಿಂದ ರಸ್ತೆಯಲ್ಲಿ ಕಳೆದುಹೋಗುವ ಹೊತ್ತಿಗೆ ಯಾವ ಪಾಲು ಹಾಕೋದು?

"ಅಲ್ಲಾ, ಈ ಮೂವತ್ತು ಅಂತ ಹೇಳಿದ್ದು ಯಾರು?" ಎಂದು ಕೇಳಿದಳು.

ನನಗೆ ಗೊತ್ತಿತ್ತು, ಆದರೆ ಹೇಳಲು ಸ್ವಲ್ಪ ನಾಚಿಕೆಯಾಯಿತು. ಅಮೆರಿಕದಲ್ಲಿ 1969ರಲ್ಲಿ ಒಂದು ಕಾನೂನು ಬಂತು. ಸರ್ಕಾರಿ ವಸತಿಯಲ್ಲಿರುವವರ ಬಾಡಿಗೆ ಅವರ ಆದಾಯದ ನೂರಕ್ಕೆ 25 ದಾಟಬಾರದು ಎಂದಿತ್ತು. 1981ರಲ್ಲಿ ಸರ್ಕಾರ ತನ್ನ ಖರ್ಚು ಇಳಿಸಲು ಹೊರಟಾಗ ಅದನ್ನೇ 30ಕ್ಕೆ ಏರಿಸಿದರು. ಒಂದು ಸಂಸಾರಕ್ಕೆ ಎಷ್ಟು ಉಳಿದರೆ ಬದುಕಬಹುದು ಎಂದು ನೋಡಿ ಇಟ್ಟ ಅಂಕಿ ಅದಲ್ಲ. ಆಮೇಲೆ ಅದು ಎಲ್ಲರಿಗೂ ಅಳತೆಗೋಲಾಯಿತು, ನನ್ನ ನೋಟ್‌ಬುಕ್ಕಿಗೂ ಬಂತು. "ಹಾಗಾದ್ರೆ ಸುಮ್ನೆ ಗೆರೆ ಎಳೆದಿದ್ದೀಯ" ಎಂದಳು. ಹೌದು ಎನ್ನದೆ ಕಿಟಕಿಯಾಚೆ ನೋಡಿದೆ.

ಎರಡನೇ ಮನೆ ಫೋನಿನಲ್ಲಿ 29 ಪಾಲಿಗಿತ್ತು, ಅದೂ ನಮ್ಮ ಬೀದಿಗೆ ಹತ್ತಿರ. ಬ್ರೋಕರ್‌ಗೆ ಕರೆ ಮಾಡಿದರೆ, "ಅದು ಮೊನ್ನೆಯೇ ಹೋಯ್ತು ಸಾರ್, ಬೇರೆ ಇವೆ ಬನ್ನಿ" ಎಂದರು. ಜಾಹೀರಾತು ತೆಗೆದಿರಲಿಲ್ಲ. ತೆಗೆದರೆ ನಮ್ಮಂಥವರ ಕರೆ ಬರುವುದು ಹೇಗೆ, ಅಲ್ವಾ?

ಅವರು ತೋರಿಸಿದ ಮೂರನೆಯದು ಹೊಸ ಕಟ್ಟಡ, 42 ಪಾಲು. ಕೆಳಗೆ ವ್ಯಾಯಾಮದ ಕೋಣೆ, ಮೇಲೆ ಕೈತೋಟ. ಊರಲ್ಲಿ ಹೊಸದಾಗಿ ಏಳುವುದೆಲ್ಲ ಈ ಥರದ್ದೇ ಯಾಕೆ ಎಂದು ಕೇಳಿದೆ. ಬ್ರೋಕರ್ ಹೇಳಿದ್ದು ಸರಿಯಾಗಿಯೇ ಇತ್ತು. ಅಗ್ಗದ ಬಾಡಿಗೆಯ ಮನೆ ಕಟ್ಟಿದರೂ ಜಾಗದ ಬೆಲೆ ಇಳಿಯೋದಿಲ್ಲ, ಸಿಮೆಂಟು ಕಬ್ಬಿಣದ ಖರ್ಚೂ ಅಷ್ಟೇ ಇರುತ್ತೆ. ಹಾಗಿರುವಾಗ ಜಾಸ್ತಿ ಕೊಡುವವರಿಗೇ ಕಟ್ಟುತ್ತಾರೆ. ಇದಕ್ಕೆ ನಮ್ಮಂಥ ಮಧ್ಯಮ ಗಾತ್ರದ ಊರಿನ ಕಷ್ಟ ಬೇರೆ ಸೇರುತ್ತದೆ. ಇಲ್ಲಿ ಖಾಲಿ ಮನೆಗಳೇ ಕಡಿಮೆ. ಒಂದು ದೊಡ್ಡ ಆಸ್ಪತ್ರೆಯೋ ಕಾಲೇಜೋ ಬಂದು ಕೆಲವು ನೂರು ಜನ ಒಟ್ಟಿಗೆ ಮನೆ ಹುಡುಕಿದರೆ ಸಾಕು, ಆ ಖಾಲಿಯೂ ತುಂಬಿಹೋಗುತ್ತದೆ. ಮಹಾನಗರದ ಸಂಬಳ ತೆಗೆದುಕೊಳ್ಳುತ್ತಾ ಮನೆಯಿಂದಲೇ ಕೆಲಸ ಮಾಡುವವರಿಗೆ 42 ಪಾಲಿನ ಈ ಮನೆ ಅಗ್ಗವೆನಿಸಬಹುದು. ನಮ್ಮ ಸಂಬಳ ಮಾತ್ರ ಈ ಊರಿನದೇ.

ನಾಲ್ಕನೆಯದನ್ನು ನಾನು ಬೇಗ ಮರೆಯಲಾರೆ. 31 ಪಾಲು. ಹಳೇ ಮನೆ, ಗಟ್ಟಿ ಗೋಡೆ, ಊರ ಮಧ್ಯೆ. ಮೆಟ್ಟಿಲ ಮೇಲೆ ನಮಗಿಂತ ಮೊದಲು ಹದಿನಾಲ್ಕು ಜನ ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೇಲೆ ಮಾಲೀಕರ ಮಗ ಒಬ್ಬೊಬ್ಬರ ಸಂಬಳದ ಚೀಟಿ ನೋಡಿ ಕಳಿಸುತ್ತಿದ್ದ. ಬಾಡಿಗೆಯ ಮೂರು ಪಟ್ಟು ಸಂಬಳ ಇರಬೇಕು ಎಂಬುದು ಅವನ ನಿಯಮ. ನಮಗೆ 93 ಪಾಲು ಇದ್ದರೆ ಸಾಕು, ನೂರಿದೆ.

ನಮ್ಮ ಮುಂದೆ ಒಬ್ಬಳೇ ನಿಂತಿದ್ದ ಹುಡುಗಿಗೆ ಇರಲಿಲ್ಲ. ಆಗಷ್ಟೇ ಕೆಲಸಕ್ಕೆ ಸೇರಿದವಳು. ಅವಳ ಸಂಬಳ ನಮ್ಮ ನೂರರಲ್ಲಿ ಹೆಚ್ಚೆಂದರೆ ಐವತ್ತು ಇದ್ದೀತು. ನಮಗೆ 31 ಆಗುವ ಅದೇ ಬಾಡಿಗೆ ಅವಳಿಗೆ 62. "ತಿಂಗಳ ಮೊದಲ ದಿನವೇ ಕೊಡ್ತೀನಿ, ಬೇರೆ ಖರ್ಚೇನಿಲ್ಲ ನನಗೆ" ಎನ್ನುತ್ತಿದ್ದಳು. ಅವನು ಚೀಟಿಯನ್ನು ಮಡಿಸಿ ವಾಪಸ್ ಕೊಟ್ಟ. ಆ ಕ್ಷಣ ನನ್ನ ಮನಸ್ಸಿಗೆ ಬಂದ ಮೊದಲ ಮಾತು: ಒಬ್ಬರು ಕಡಿಮೆಯಾದರು. ಅವಳು ಇಳಿದುಹೋಗುವಾಗ ಗೋಡೆಗೆ ಒತ್ತಿ ದಾರಿ ಬಿಟ್ಟೆ. ಅವಳು ಥ್ಯಾಂಕ್ಸ್ ಎಂದಳು. ಅದನ್ನು ಹೇಳದೇ ಹೋಗಿದ್ದರೆ ಒಳ್ಳೆಯದಿತ್ತು.

ಬರ್ಲಿನ್ನಿನಲ್ಲಿ ಹರ್ಮನ್ ಶ್ವಾಬೆ ಎಂಬ ಅಂಕಿಅಂಶ ತಜ್ಞ ಇದನ್ನು 1868ರಲ್ಲೇ ಬರೆದಿಟ್ಟಿದ್ದ. ಸಂಪಾದನೆ ಕಡಿಮೆಯಾದಷ್ಟೂ ಅದರಲ್ಲಿ ಬಾಡಿಗೆ ನುಂಗುವ ಪಾಲು ದೊಡ್ಡದಾಗುತ್ತದೆ ಎಂದು. ಅದೇ ಲೆಕ್ಕ ಅವತ್ತು ಮೆಟ್ಟಿಲಿಳಿದು ಹೋಯಿತು.

ಮನೆ ನಮಗೂ ಸಿಗಲಿಲ್ಲ. ನಮ್ಮ ಹಿಂದಿದ್ದ ದಂಪತಿ ಕೇಳಿದ್ದಕ್ಕಿಂತ ಜಾಸ್ತಿ ಕೊಡುತ್ತೇವೆ ಎಂದು ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿದರು.

ಸಂಜೆ ಮನೆಗೆ ಬಂದಾಗ ಕೆಳಗಿನ ಮನೆಯ ಹಿರಿಯರು ಗೇಟಿನ ಬಳಿ ನಿಂತಿದ್ದರು. ಹನ್ನೊಂದು ವರ್ಷದಿಂದ ಅಲ್ಲೇ ಇರುವವರು. ಮಾತಿಗೆ ಮಾತು ಬಂದು ತಮ್ಮ ಬಾಡಿಗೆ ಹೇಳಿದರು. ನಮ್ಮ ಲೆಕ್ಕದಲ್ಲಿ 17 ಪಾಲು! ಅಷ್ಟೇ ಅಗಲದ ಮನೆ, ಅದೇ ಗೋಡೆ, ಅದೇ ನೀರಿನ ಟ್ಯಾಂಕ್. ನಾನು ದಿನವಿಡೀ ಫೋನಿನಲ್ಲಿ ನೋಡಿದ್ದು ಖಾಲಿಯಾದ ಮನೆಗಳ ಬಾಡಿಗೆ ಮಾತ್ರ ಎಂದು ಆಗ ಹೊಳೆಯಿತು. ಹೀಗೆ ಸುಮ್ಮನೆ ಕೂತಿರುವವರ ಬಾಡಿಗೆ ಯಾವ ಜಾಹೀರಾತಿನಲ್ಲಿ ಬರುತ್ತದೆ? ಮಾಲೀಕರು "ಊರಲ್ಲಿ ವಿಚಾರಿಸಿ" ಎಂದಿದ್ದು ಇಡೀ ಊರನ್ನಲ್ಲ, ಮನೆ ಬದಲಿಸುವವರ ಊರನ್ನು.

ಈ ವಾದ ಹಿಡಿದುಕೊಂಡು ರಾತ್ರಿ ಅವರ ಮನೆಗೆ ಹೋದೆವು. ಅವರು ಸಮಾಧಾನದಿಂದಲೇ ಕೇಳಿದರು. ಸಾಲದ ಬಡ್ಡಿ ಏರಿದೆ, ನನಗೂ ಕಂತು ಕಟ್ಟಬೇಕು ಎಂದರು. ಸುಳ್ಳಿರಲಿಕ್ಕಿಲ್ಲ. ಆಗ ಹೆಂಡತಿ ಬಾಯಿ ಹಾಕಿದಳು. "ನಾವು ಬಿಟ್ಟು ಒಂದು ತಿಂಗಳು ಮನೆ ಖಾಲಿ ಇದ್ರೆ, ಆ ಲುಕ್ಸಾನು ತುಂಬೋಕೆ ಏರಿಸಿದಷ್ಟು ದುಡ್ಡು ನಾಲ್ಕು ತಿಂಗಳು ಬರಬೇಕಲ್ಲ?" ಒಳ್ಳೇ ಮಾತು ಎಂದುಕೊಂಡೆ.

"ಖಾಲಿ ಎಲ್ಲಮ್ಮ ಇರುತ್ತೆ? ನೀವೇ ಇವತ್ತು ಸುತ್ತಿ ಬಂದ್ರಲ್ಲ" ಎಂದರು.

ಹದಿನಾಲ್ಕು ಜನರ ಮೆಟ್ಟಿಲು ಕಣ್ಣ ಮುಂದೆ ಬಂತು. ನಮ್ಮ ನೋಟ್‌ಬುಕ್ಕೇ ಅವರ ಪರ ಸಾಕ್ಷಿ ಹೇಳುತ್ತಿತ್ತು. ಕೊನೆಗೆ ಎರಡು ವರ್ಷ ಮತ್ತೆ ಏರಿಸಬಾರದು ಎಂದು ಬರೆಸಿಕೊಂಡು 33ಕ್ಕೆ ಒಪ್ಪಿದೆವು.

ಮೇಲೆ ಬಂದು ಹೆಂಡತಿ ಮೊದಲ ಪುಟದ 30ನ್ನು ಹೊಡೆದುಹಾಕಿದಳು. 33 ಎಂದು ಬರೆಯುತ್ತಾಳೆ ಎಂದುಕೊಂಡಿದ್ದೆ. 67 ಎಂದು ಬರೆದಳು. ಉಳಿಯುವುದು ಅಷ್ಟು. ಅದರ ಕೆಳಗೆ ಅವಳಮ್ಮನ ಔಷಧಿ, ನನ್ನ ಸಾಲದ ಕಂತು, ಬಸ್ಸು, ಕರೆಂಟು ಎಂದು ಕಳೆಯುತ್ತಾ ಹೋದಳು. ಪುಟ ತುಂಬುವ ಮೊದಲೇ ಪಾಲು ಮುಗಿದವು.

ಮಲಗುವ ಮುಂಚೆ ಅಭ್ಯಾಸಬಲದಿಂದ ಫೋನ್ ತೆಗೆದೆ. ಎರಡನೇ ಮನೆಯ ಜಾಹೀರಾತು ಹಾಗೇ ಇತ್ತು, 29 ಪಾಲಿಗೇ. ಕೆಳಗೆ 'ಇಂದು ಸೇರಿಸಿದ್ದು' ಎಂದು ಬರೆದಿತ್ತು.